ಬೆಳ್ಳಿ ಕಾರಿನ ಯಜಮಾನರು

ನಮ್ಮ ಬೀದಿಯ ಯಜಮಾನರು ತಮ್ಮ ಬೆಳ್ಳಿ ಬಣ್ಣದ ಕಾರಿಗೆ ಮೆತ್ತಿದ ಮೇಣದಲ್ಲಿ ಇಡೀ ಊರಿಗಾಗುವಷ್ಟು ಮೇಣದಬತ್ತಿ ಮಾಡಬಹುದಿತ್ತು. "ಮೊದ್ಲು ಸೀಲೆಂಟ್, ಅದು ಬಣ್ಣಕ್ಕೆ ಕವಚ, ಅದು ಒಣಗಿದ್ಮೇಲೆ ವ್ಯಾಕ್ಸ್, ಅದು ಹೊಳಪಿಗೆ" ಎಂದು ಹಾಲು ತರಲು ಹೊರಟವರನ್ನೂ ನಿಲ್ಲಿಸಿ ಪಾಠ ಮಾಡುತ್ತಾರೆ. ಮೇಣದ ಡಬ್ಬಿ ಕೊಳ್ಳುವಾಗ ಮೂಸಿ, ಬೆರಳಲ್ಲಿ ತಿಕ್ಕಿ, ಅಳಿಯನನ್ನು ಆರಿಸುವವರಂತೆ ಅಂಗಡಿಯವನ ಪ್ರಾಣ ಹಿಂಡುತ್ತಾರೆ. ಕಾರಿನ ಮೇಲೆ ಕಾಗೆ ಹಾರಿದರೆ ಸಾಕು, ಬಟ್ಟೆ ಹಿಡಿದು ಓಡಿ ಬರುತ್ತಾರೆ. ಕಾರು ಮಾತ್ರ ಗೇಟು ದಾಟುವುದಿಲ್ಲ. "ಒಂದ್ಸಲ ಅಕ್ಕನ ಮನೆಗೆ ಹೋಗಿ ಬರೋಣ್ರೀ" ಎಂದು ಹೆಂಡತಿ ಕೇಳಿದಾಗಲೆಲ್ಲ, "ಆ ಮಣ್ಣು ರಸ್ತೇಲಾ? ಈಗ ತಾನೇ ಮೇಣ ಹಾಕಿದೀನಿ ಕಣೇ" ಎನ್ನುತ್ತಿದ್ದರು. ಬೆಳ್ಳಿ ಬಣ್ಣದ ಮೇಲೆ ಹಚ್ಚಿದ ಮೇಣ ಹತ್ತಿರದಿಂದ ಕಾಣುವುದಿಲ್ಲ, ದೂರ ಕೂತು ಓರೆಯಾಗಿ ನೋಡಬೇಕು. ಹಾಗಾಗಿ ಆಕೆಯೇ ಬಾಗಿಲ ಮೆಟ್ಟಿಲ ಮೇಲೆ ಕೂತು, "ಚಕ್ರದ ಮೇಲೆ ಬಿಟ್ಟಿದೀರ ನೋಡಿ" ಎಂದು ತೋರಿಸುತ್ತಿದ್ದರು. ಆಕೆ ತೀರಿಕೊಂಡ ಮೇಲೆ ಯಜಮಾನರು ತಾವೇ ಹಚ್ಚಿ, ತಾವೇ ಆ ಮೆಟ್ಟಿಲಿಗೆ ಹೋಗಿ ಕೂರುತ್ತಾರೆ. ಅಲ್ಲಿಂದ, ಬಿಟ್ಟುಹೋದ ಜಾಗವೆಲ್ಲ ಚೆನ್ನಾಗಿ ಕಾಣುತ್ತದೆ. ಕಾರಿನ ಕಿಟಕಿಯೊಳಗೆ, ಡ್ರೈವರ್ ಪಕ್ಕದ ಸೀಟೂ ಕಾಣುತ್ತದೆ. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚಿಲ್ಲ.