ಅಪ್ಪ ಹೇಳುತ್ತಿದ್ದ ಸಿನಿಮಾ

ಹೊಂಗಡಹಳ್ಳದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಮ್ಮಪ್ಪ ರೈಟರ್ ಆಗಿದ್ದರು. ಆಳುಗಳ ಹಾಜರಿ ಹಾಕುವುದು, ಕೆಲಸ ಹಂಚುವುದು ಅವರ ಉದ್ಯೋಗ. ಅದರ ಜೊತೆಗೆ ಸಂಬಳವಿಲ್ಲದ ಇನ್ನೊಂದು ಕೆಲಸವೂ ಅವರಿಗಿತ್ತು. ಅದು ಸಿನಿಮಾ ಹೇಳುವುದು.

ಎಸ್ಟೇಟಿನ ಯಜಮಾನರು ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ಪ್ರತಿ ಕ್ರಿಸ್‌ಮಸ್ಸಿಗೆ ಪ್ರೊಜೆಕ್ಟರ್ ತರಿಸಿ, ಕಾಫಿ ಒಣಗಿಸುವ ಕಣದಲ್ಲಿ ಲೈನುಮನೆಗಳ ಆಳುಗಳಿಗೆಲ್ಲ ಒಂದು ಇಂಗ್ಲಿಷ್ ಸಿನಿಮಾ ತೋರಿಸುತ್ತಿದ್ದರು. ಸಂಜೆ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಹೊದಿಸಿದರೆ ಕೂರಲು ಜಾಗವಾಗುತ್ತಿತ್ತು. ಸ್ಟೋರಿನ ಗೋಡೆಗೆ ಕಟ್ಟಿದ ಬಿಳಿ ಪಂಚೆಯ ಪಕ್ಕ ಅಪ್ಪ ಕೋಲು ಹಿಡಿದು ನಿಂತು ಕನ್ನಡದಲ್ಲಿ ಕತೆ ಹೇಳುತ್ತಿದ್ದರು. ಅವರ ಇಂಗ್ಲಿಷ್ ಗೊಬ್ಬರದ ಚೀಲದ ಮೇಲಿನ ಅಕ್ಷರ ಓದುವಷ್ಟು. ಮಿಕ್ಕಿದ್ದು ಧೈರ್ಯ. ಒಂದು ವರ್ಷ ಕುದುರೆ ಸವಾರರ ಸಿನಿಮಾವನ್ನು ಅಣ್ಣತಮ್ಮಂದಿರ ಜಮೀನಿನ ಜಗಳ ಮಾಡಿ ಮುಗಿಸಿದ್ದರು. ಯಾರೂ ಚಕಾರ ಎತ್ತಲಿಲ್ಲ.

ಮರುವರ್ಷ ಬಂದದ್ದು ಕಾರ್ಟೂನ್. ಬರೆದ ಚಿತ್ರಗಳು ಎದ್ದು ಓಡಾಡುವುದನ್ನು ನಾವು ಅದೇ ಮೊದಲು ನೋಡಿದ್ದು. ಅದರಲ್ಲೊಬ್ಬಳು ರಾಜಕುಮಾರಿ. ಪಲ್ಲಕ್ಕಿ ಬಿಟ್ಟು ಕತ್ತೆಯ ಮೇಲೆ ಊರು ಸುತ್ತುವವಳು, ಯಾರ ಮಾತೂ ಕೇಳದವಳು.

ನಮ್ಮ ಮನೆಯಲ್ಲೂ ಆಗ ಅಂಥವಳೊಬ್ಬಳಿದ್ದಳು. ಅಕ್ಕ ಸಕಲೇಶಪುರದಲ್ಲಿ ಪಿಯುಸಿ ಮುಗಿಸಿದ್ದಳು. ಮಂಗಳೂರಿಗೆ ಹೋಗಿ ನರ್ಸಿಂಗ್ ಕಲಿಯಬೇಕೆಂದು ಅವಳ ಹಟ. ಭಾನುವಾರ ಕೆ. ಹೊಸಕೋಟೆಯಿಂದ ಗಂಡಿನ ಕಡೆಯವರು ನೋಡಲು ಬರಲೆಂದು ಅಪ್ಪನ ತೀರ್ಮಾನ. ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಅಪ್ಪನಿಗೆ ಕುಡಿಯಲು ನೀರು ಬೇಕಾದರೂ ನನ್ನ ಮೂಲಕ ಕೇಳಬೇಕು. ಓಡಾಡಿ ನನಗೆ ಸಾಕಾಗಿಹೋಗಿತ್ತು.

ಪರದೆಯ ಮೇಲೆ ರಾಜ ಒಬ್ಬ ದಪ್ಪ ಮೀಸೆಯವನನ್ನು ಕರೆತಂದು ಮಗಳ ಮುಂದೆ ನಿಲ್ಲಿಸಿ, ಅವಳ ಕೈಗೆ ಹೂವಿನ ಹಾರ ಕೊಟ್ಟ. ಅವಳು ಏನೋ ಹೇಳಿದಳು. ಅಪ್ಪ ಕೋಲೆತ್ತಿದರು.

“ಅಪ್ಪಾಜಿ, ನೀವು ತೋರ್ಸಿದ ಗಂಡೇ ನಂಗೆ ದೇವ್ರು ಅಂತಾವ್ಳೆ.”

ಅದೇ ಹೊತ್ತಿಗೆ ರಾಜಕುಮಾರಿ ಹಾರವನ್ನು ಕತ್ತೆಯ ಕೊರಳಿಗೆ ಹಾಕಿದಳು. ಕಣವೆಲ್ಲ ಗೊಳ್ಳೆಂದಿತು. ಕಾಫಿ ಹಣ್ಣು ಕುಯ್ಯುವ ಅಜ್ಜಿಯೊಬ್ಬಳು, ಹುಡುಗಿ ಒಪ್ಪಿದ ಹಾಗೆ ಕಾಣುವುದಿಲ್ಲವಲ್ಲ ರೈಟ್ರೇ ಎಂದಳು. ಅಪ್ಪ ಬಿದ್ದರೂ ಮೀಸೆ ಮಣ್ಣಾಗದವರು. ನಾಚಿಕೆಗೆ ಹಾಗೆ ಮಾಡುತ್ತಾಳೆ ಎಂದುಬಿಟ್ಟರು.

ಆಗ ನನ್ನ ಪಕ್ಕದಲ್ಲಿದ್ದ ಅಕ್ಕ ಎದ್ದು ನಿಂತಳು. ಭಯಕ್ಕೆ ನಾನು ಅವಳ ಲಂಗ ಹಿಡಿದು ಎಳೆದೆ.

“ಅವ್ಳು ಹಂಗಂತಿಲ್ಲ ಅಪ್ಪ. ನಿಮ್ಮೇಲೆ ಕೋಪ ಇಲ್ಲ, ಮದ್ವೆನೇ ಬ್ಯಾಡ ಅಂತಾನೂ ಅಲ್ಲ. ಮೊದ್ಲು ನಂಗೊಂದು ಕೆಲ್ಸ ಕಲಿಯಕ್ಕೆ ಬಿಡಿ ಅಂತಾವ್ಳೆ.”

ಕಣದಲ್ಲಿ ಯಾರೂ ನಗಲಿಲ್ಲ. ಅಪ್ಪ ಬಂದು ಕೋಲನ್ನು ಅವಳ ಕೈಗೆ ಕೊಟ್ಟು ನನ್ನ ಪಕ್ಕ ಕೂತರು. ಮಿಕ್ಕ ಸಿನಿಮಾವನ್ನು ಅಕ್ಕನೇ ಹೇಳಿದಳು. ಅಪ್ಪನಷ್ಟು ಉಪ್ಪುಖಾರ ಇರಲಿಲ್ಲ, ಆದರೂ ಜನ ಕೇಳಿದರು. ನನಗಂತೂ ಅವಳ ಬಗ್ಗೆ ಬಹಳ ಹೆಮ್ಮೆಯಾಯಿತು.

ಮನೆಗೆ ನಡೆಯುವಾಗ ಟಾರ್ಚ್ ಹಿಡಿದಿದ್ದ ಅಪ್ಪ, ನನ್ನನ್ನು ಬಿಟ್ಟು ನೇರವಾಗಿ ಅವಳನ್ನೇ ಕೇಳಿದರು.

“ಆ ಹುಡ್ಗಿ ನಿಜ್ವಾಗ್ಲೂ ಹಂಗೇ ಅಂದ್ಲಾ?”

“ಗೊತ್ತಿಲ್ಲಪ್ಪ,” ಎಂದಳು ಅಕ್ಕ. “ಅವ್ರ ಇಂಗ್ಲಿಷ್ ನಂಗೂ ಅರ್ಥ ಆಗ್ಲಿಲ್ಲ.”

ಬೆಳಿಗ್ಗೆ ಅಪ್ಪ ಬಸ್ಸಿನ ಕಂಡಕ್ಟರನನ್ನು ನಿಲ್ಲಿಸಿ, ಭಾನುವಾರ ಬರುವುದು ಬೇಡವೆಂದು ಹೊಸಕೋಟೆಗೆ ಹೇಳಿ ಕಳಿಸಿದರು. ಯಾಕೆ ಎಂದು ಅವನು ಕೇಳಿದ.

“ಹುಡ್ಗಿ ಮೊದ್ಲು ಕೆಲ್ಸ ಕಲೀಬೇಕಂತೆ ಮಾರಾಯ,” ಎಂದರು ಅಪ್ಪ.