ರವಿವಾರ ನೀರು ತಡವಾಗಿ ಬರುತ್ತದೆ

ನನ್ನ ಮಾವನವರ ಕಿವಿಯ ಮೇಲಂಚಿನಲ್ಲಿ ಒಂದು ಕಚ್ಚು ಇತ್ತು. ಗಾಳ ಬೀಸುವಾಗ ಕೊಕ್ಕೆ ಸಿಕ್ಕಿ ಹರಿದದ್ದು. ಅದು ಬಲಗಿವಿ ಎಂದು ನಾನು, ಎಡಗಿವಿ ಎಂದು ನನ್ನ ಹೆಂಡತಿ. ಅವಳ ತಂದೆ ನಿವೃತ್ತರಾಗಿ ಕಾರ್ಖಾನೆಯ ಮನೆ ಬಿಟ್ಟುಕೊಟ್ಟ ಮೇಲೆ, ದಾಂಡೇಲಿಯ ಬಂಗೂರನಗರದ ನಮ್ಮ ಬಾಡಿಗೆ ಮನೆಯಲ್ಲಿ ಕೊನೆಯವರೆಗೂ ಇದ್ದರು. ದಿನಾ ಎರಡು ಹೊತ್ತು ನನ್ನ ಎದುರಿಗೇ ಊಟಕ್ಕೆ ಕೂತ ಮನುಷ್ಯನ ಕಿವಿಯನ್ನೇ ನೆಟ್ಟಗೆ ನೆನಪಿಟ್ಟುಕೊಳ್ಳದವನು, ಕಾಳಿ ನದಿಯ ನಡುವೆ ಒಂದು ಮಧ್ಯಾಹ್ನ ನಡೆದದ್ದನ್ನು ನಂಬುವ ಹಾಗೆ ಹೇಳಬಲ್ಲನೇ? ನನಗೆ ಅನುಮಾನವಿದೆ. ಹಳಿಯಾಳದ ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಸಾಕ್ಷಿ ಹೇಳುವವನಿಗೆ ಸಿಟ್ಟಿದ್ದರೆ ಆ ಸಿಟ್ಟನ್ನು ಮೊದಲು ಕಳೆದು ಉಳಿದದ್ದನ್ನು ಓದಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ. ಇಲ್ಲಿಯೂ ಹಾಗೇ ಓದಿ. ನನಗೆ ಮಾವನವರ ಮೇಲೆ ಸಿಟ್ಟಿತ್ತು, ಇನ್ನೂ ಇದೆ.

ಸಿಟ್ಟಿಗೆ ದೊಡ್ಡ ಕಾರಣಗಳು ಬೇಕಾಗಿರಲಿಲ್ಲ. ಫ್ರಿಜ್ಜಿನಲ್ಲಿ ಶ್ರೀಖಂಡದ ಡಬ್ಬಿ ಕಂಡರೆ ಅದರಲ್ಲಿ ಶ್ರೀಖಂಡ ಇರುತ್ತದೆಂಬ ನಂಬಿಕೆಯನ್ನು ಅವರು ನಮ್ಮ ಮನೆಗೆ ಬಂದ ಮೊದಲ ವಾರದಲ್ಲೇ ಕಳೆದುಕೊಂಡೆ. ಒದ್ದೆ ಮಣ್ಣು, ಅದರೊಳಗೆ ಎರೆಹುಳು. ನಾನು ಚಮಚ ಹಾಕಿದ ಮೇಲೆಯೇ ಗೊತ್ತಾದದ್ದು. ಕೂಗಿದೆ. ಅವರು ಪಡಸಾಲೆಯಿಂದ ಎದ್ದು ಬಂದು, ಡಬ್ಬಿಯ ಮುಚ್ಚಳ ಹಾಕಿ, ಹುಳುಗಳಿಗೆ ಸೆಕೆಯಾಗುತ್ತದೆ, ಬಾಗಿಲು ಬಹಳ ಹೊತ್ತು ತೆಗೆದಿಡಬೇಡಿ ಎಂದು ನನಗೇ ಬುದ್ಧಿ ಹೇಳಿ ಹೋದರು.

ಬೆಳಗಿನ ಪತ್ರಿಕೆ ಅವರ ಕೈಗೆ ಮೊದಲು ಸಿಕ್ಕಿದರೆ ಸಂಪಾದಕೀಯದ ಪುಟ ಮೀನಿನ ಹೊಟ್ಟೆ ಸೀಳಲು ಹೋಗುತ್ತಿತ್ತು. ಆ ಪುಟವೇ ಏಕೆಂದು ಕೇಳಿದರೆ, ಅದರಲ್ಲಿ ಚಿತ್ರ ಇರುವುದಿಲ್ಲ ಎನ್ನುತ್ತಿದ್ದರು. ಬಟ್ಟೆ ಒಣಗಿಸುವ ಹಗ್ಗದ ಮೇಲೆ ಗಾಳದ ದಾರ ಹರವುತ್ತಿದ್ದರು. ನನ್ನ ಎರಡು ಅಂಗಿಗಳ ಬೆನ್ನು ಆ ಕೊಕ್ಕೆಗಳಿಗೆ ಬಲಿಯಾಯಿತು. ಜೋಳದ ಹಿಟ್ಟಿಗೆ ಶೇಂಗಾ ಹಿಂಡಿ, ಇಂಗು ಹಾಕಿ ಮೀನಿನ ಮೇವು ನಾದುವುದು ನನ್ನ ಹೆಂಡತಿ ರೊಟ್ಟಿಯ ಹಿಟ್ಟು ನಾದುವ ಪರಾತದಲ್ಲೇ. ನನ್ನ ಸ್ಕೂಟರಿನ ಸೀಟಿಗೆ ಹತ್ತಿದ ವಾಸನೆ ಹಳಿಯಾಳದವರೆಗೂ ನನ್ನ ಜೊತೆ ಬಂದು ಸ್ಟಾಫ್ ರೂಮಿನಲ್ಲಿ ಕೂತುಕೊಳ್ಳುತ್ತಿತ್ತು. ಅಷ್ಟಾಗಿ ತಂದ ಮೀನಾದರೂ ಎಂಥದ್ದು? ಬೆರಳುದ್ದದ್ದು, ಮೈತುಂಬ ಮುಳ್ಳು. ಮೊಮ್ಮಗಳ ತಟ್ಟೆಗೆ ಮುಳ್ಳು ಬಿಡಿಸಿ ಹಾಕುತ್ತಿದ್ದರು. ನನ್ನ ಗಂಟಲಲ್ಲಿ ಮುಳ್ಳು ಸಿಕ್ಕಾಗ ಅವರ ಮುಖದಲ್ಲಿ ಒಂದು ತೃಪ್ತಿ ಕಾಣುತ್ತಿತ್ತು. ಈ ತೃಪ್ತಿ ನನ್ನ ಕಲ್ಪನೆಯೂ ಇರಬಹುದು.

ಅವರು ನನ್ನನ್ನು ಬಹುವಚನದಲ್ಲೇ ಕರೆಯುತ್ತಿದ್ದರು, ಅಳಿಯಂದ್ರ ಎಂದು. ಮರ್ಯಾದೆಯನ್ನೇ ಬೈಗುಳ ಮಾಡುವ ಕಲೆ ಅವರಿಗೆ ಒಲಿದಿತ್ತು. ಒಮ್ಮೆ ಬಚ್ಚಲಿನ ನಲ್ಲಿ ಸೋರುತ್ತಿತ್ತು. ನಾನು ಪಾನಾ ಹಿಡಿದು ತಿರುವಿ ಅದನ್ನು ಪೂರ್ತಿ ಕಿತ್ತೇ ಬಿಟ್ಟೆ. ನೀರು ನಡುಮನೆಗೆ ಹರಿಯಿತು. ಮಾವನವರು ಪಂಚೆ ಎತ್ತಿ ಕಟ್ಟಿ, ಕಟ್ಟೆಯ ಮೇಲೆ ಕೂತು, ನನ್ನ ಹೆಂಡತಿಗೆ ಕೇಳುವಂತೆ ಅಂದರು:

“ನಿನ್ನ ಗಂಡ ಭಾಳ ಓದ್ಯಾರ ನೋಡವಾ. ನೀರು ಹೊರಗ ಹೆಂಗ ಬರ್ತೈತಿ ಅನ್ನೂದು ಅವ್ರಿಗೆ ಗೊತ್ತೈತಿ. ಒಳಗ ಹೆಂಗ ಹೋಗ್ತೈತಿ ಅನ್ನೂದು ಮುಂದಿನ ಪಾಠದಾಗ ಇರಬೇಕು.”

ಹೆಂಡತಿ ನಕ್ಕಳು. ಮಗಳೂ ನಕ್ಕಳು. ಮಾವನವರು ಎದ್ದು ಬಂದು ರಿಪೇರಿ ಮಾಡಿದರೇ ಎಂದರೆ, ಅದೂ ಇಲ್ಲ. ಅವರಿಗೂ ಬರುತ್ತಿರಲಿಲ್ಲ. ಮರುದಿನ ಪ್ಲಂಬರ್ ಬಂದ.

ಆದರೆ ಜಗಳದ ಮೂಲ ಇದಾವುದೂ ಅಲ್ಲ. ನನ್ನ ಮಗಳು ಎರಡನೆಯ ತರಗತಿಗೆ ಬಂದಾಗಿನಿಂದ ರವಿವಾರ ಅವರು ಅವಳನ್ನು ನದಿಗೆ ಕರೆದೊಯ್ಯತೊಡಗಿದ್ದರು. ನಾನು ಬೇಡವೆನ್ನುತ್ತಿದ್ದೆ. ಮೊಸಳೆಯ ಮಾತೆತ್ತಿದರೆ, ಅವು ಇರುವುದು ಕೆಳಗಿನ ಮಡುವಿನಲ್ಲಿ, ಅವಕ್ಕೂ ರವಿವಾರ ಸೂಟಿ ಎನ್ನುತ್ತಿದ್ದರು. ಅವಳಿಗಂತೂ ಅಜ್ಜನೇ ಬೇಕು. ನಾನು ಇಂಗ್ಲಿಷ್ ಕಾಗುಣಿತ ಬರೆಸಲು ಕೂರಿಸುವ ಹೊತ್ತಿಗೆ ಅವಳು ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ವಾರವಿಡೀ ನಾನು ಬೆಳೆಸಿದ ಮಗಳನ್ನು ಅವರು ರವಿವಾರ ಒಂದೇ ಹೊತ್ತಿನಲ್ಲಿ ಗೆದ್ದುಕೊಂಡು ಬಿಡುತ್ತಿದ್ದರು. ನನ್ನ ಸಿಟ್ಟಿನಲ್ಲಿ ಹೊಟ್ಟೆಕಿಚ್ಚು ಎಷ್ಟು ಪಾಲು ಎಂಬುದನ್ನು ಓದುವವರೇ ತೂಗಿಕೊಳ್ಳಲಿ.

ದಾಂಡೇಲಿಯಲ್ಲಿ ಗಾಳ ಹಾಕುವವರಿಗೆ ಒಂದು ಪಂಚಾಂಗ ಬಾಯಿಪಾಠ ಇರುತ್ತದೆ. ಮೇಲೆ ಅಣೆಕಟ್ಟಿದೆ. ಅಲ್ಲಿ ಕರೆಂಟು ತಯಾರಿಸುವಾಗ ನೀರು ಬಿಡುತ್ತಾರೆ, ನದಿ ಏರುತ್ತದೆ. ನಿಲ್ಲಿಸಿದಾಗ ಇಳಿಯುತ್ತದೆ, ನಡುವಿನ ಬಂಡೆಗಳು ಮೈ ತೋರಿಸುತ್ತವೆ. ಇವರು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ನಡುಬಂಡೆಗೆ ಹೋಗಿ ಕೂರುತ್ತಾರೆ. ದೊಡ್ಡ ಮೀನು ಅಲ್ಲಿನ ಸೆಳವಿನಲ್ಲಿ ಎಂದು ಅವರ ನಂಬಿಕೆ. ರವಿವಾರ ಕಚೇರಿಗಳಿಗೆ ಬೀಗ, ಕರೆಂಟು ಕಡಿಮೆ ಸಾಕು, ಆದ್ದರಿಂದ ನೀರು ಸಂಜೆಯ ತನಕ ಬರುವುದಿಲ್ಲ: ಇದು ಮಾವನವರ ಲೆಕ್ಕ. ಯಾರಾದರೂ ಸೂಚನೆ ಕೊಡುತ್ತಾರೆಯೇ ಎಂದು ಕೇಳಿದ್ದೆ. ಸೂಚನೆ ಏಕೆ ಬೇಕು, ನಾವೇನು ಊಟಕ್ಕೆ ಬಂದ ಪಾಹುಣ್ಯಾರೇ, ಮನೆಯವರಲ್ಲವೇ ಎಂದಿದ್ದರು. “ರವಿವಾರ ನೀರು ತಡಾ” ಎಂಬ ಮಾತನ್ನು ಅವರು ದೇವರ ಹೆಸರು ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದರು.

ಆ ರವಿವಾರ ಧಾರವಾಡದಿಂದ ಹೆಂಡತಿಯ ಅಣ್ಣನ ಸಂಸಾರ ಊಟಕ್ಕೆ ಬಂದಿತ್ತು. ಹೊತ್ತು ಮೀರಿದರೂ ಅಜ್ಜ-ಮೊಮ್ಮಗಳ ಸುಳಿವಿಲ್ಲ. ಕರೆತರಲು ನಾನು ಹೋದೆ. ಬೇಸಿಗೆ. ಇಬ್ಬರೂ ನಡುಬಂಡೆಯ ಮೇಲಿದ್ದರು, ನನಗೆ ಬೆನ್ನು ಹಾಕಿ. ಊಟಕ್ಕೆ ಬರ್ರಿ ಎಂದು ಕೂಗಿದೆ. ಅವರು ತಿರುಗದೆ ಕೈ ಎತ್ತಿದರು. ತಾಳಿ, ಮೀನು ಗಾಳ ಮುಟ್ಟುತ್ತಿದೆ ಎಂದರ್ಥ.

ನೀರು ಸದ್ದು ಮಾಡಿಕೊಂಡು ಬರುತ್ತದೆಂದು ನಾನು ತಿಳಿದಿದ್ದೆ. ಹಾಗೆ ಬರಲಿಲ್ಲ. ನಾನೂ ಬಂಡೆಗೆ ಹೋಗಲೆಂದು ಚಪ್ಪಲಿ ಕಳಚಿ ಬಗ್ಗಿ ಎದ್ದಾಗ, ಕಾಲಿಡಬೇಕೆಂದಿದ್ದ ಕಲ್ಲು ಅಲ್ಲಿರಲಿಲ್ಲ. ಮಗಳೂ ನೀರು ಏರಿದ್ದನ್ನು ನೋಡಿ ಅಜ್ಜನ ಅಂಗಿ ಜಗ್ಗಿದಳು. ಮಾವನವರು ತಿರುಗಿದರು. ಒಂದು ಗಳಿಗೆ ಏನೂ ಮಾಡಲಿಲ್ಲ. ಆಮೇಲೆ ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, ಬಲಗೈಯಲ್ಲಿ ಗಾಳದ ಬಿದಿರುಕೋಲು ಹಿಡಿದು ನೀರಿಗಿಳಿದರು.

ಇಲ್ಲಿಂದ ನನ್ನ ನೆನಪನ್ನು ನಾನು ನಂಬುವುದಿಲ್ಲ. ನೀರು ಅವರ ಎದೆಗೆ ಬಂದಿತ್ತು ಎಂದು ಒಮ್ಮೆ ಹೇಳಿದ್ದೇನೆ, ಗದ್ದಕ್ಕೆ ಎಂದು ಇನ್ನೊಮ್ಮೆ. ನಾನು ದಡದಲ್ಲೇ ನಿಂತಿದ್ದೆನೋ, ಮೊಣಕಾಲಿನ ನೀರಿಗೆ ಇಳಿದಿದ್ದೆನೋ, ಅದೂ ಮಸುಕು. ನನಗೆ ಈಜು ಬರುವುದಿಲ್ಲ. ಅವರಿಗೆ ಬರುತ್ತದೆಂದು ಮನೆಯಲ್ಲಿ ಎಲ್ಲರೂ ತಿಳಿದಿದ್ದೆವು. ದಿನಾ ನದಿಯಲ್ಲಿ ಇರುವವನನ್ನು ಯಾರೂ ಅದನ್ನು ಕೇಳುವುದಿಲ್ಲ. ನಡುನೀರಿನಲ್ಲಿ ಅವರು ನಿಂತುಬಿಟ್ಟರು. ಅದು ಮಾತ್ರ ಸ್ಪಷ್ಟ. ಹೆಗಲ ಮೇಲೆ ನನ್ನ ಮಗಳು, ಕೈಯಲ್ಲಿ ಆ ಕೋಲು, ಮತ್ತು ಆ ಮನುಷ್ಯ ಮುಂದೆ ಬರುತ್ತಿಲ್ಲ. ನಾನು ಕಿರುಚಿದೆ.

“ಆ ಕೋಲು ಒಗೀರಿ. ಕೈ ಬೀಸಿ ಈಸಿ ಬರ್ರಿ, ಮಾವಾರ.”

“ನೀವು ಸುಮ್ನಿರ್ರಿ” ಅಂದರು, ನನ್ನ ಕಡೆ ನೋಡದೆ. ಕೋಲು ಒಗೆಯಲಿಲ್ಲ. ಅದರ ತುದಿಯನ್ನು ಮುಂದಿನ ನೀರಿಗಿಟ್ಟು ಎತ್ತಿ, ಇಟ್ಟು ಎತ್ತಿ, ಒಂದೊಂದೇ ಹೆಜ್ಜೆ ತೆಗೆದು ದಡಕ್ಕೆ ಬಂದರು.

ಮಗಳನ್ನು ಅವರ ಹೆಗಲಿಂದ ಕಿತ್ತುಕೊಂಡೆ. ಅವಳು ಅಳುತ್ತಿರಲಿಲ್ಲ, ನಾನು ಕಿತ್ತುಕೊಂಡದ್ದಕ್ಕೆ ಅತ್ತಳು. ಮಾವನವರು ಮರಳಿನ ಮೇಲೆ ಕುಸಿದು ಕೂತು ಕೋಲನ್ನು ತೊಡೆಯ ಮೇಲಿಟ್ಟುಕೊಂಡರು. ಅದನ್ನು ಕಂಡು ನನಗೆ ಉರಿದುಹೋಯಿತು. ಕೂಸು ಹೆಗಲ ಮೇಲಿರುವಾಗಲೂ ಇವರಿಗೆ ಆ ಕೋಲಿನ ಚಿಂತೆ. ಆಗ ನಾನು ಆಡಿದ ಮಾತು ನನಗೆ ಚೆನ್ನಾಗಿ ನೆನಪಿದೆ, ಮನೆಯಲ್ಲಿ ಅದನ್ನು ಮತ್ತೆ ಮತ್ತೆ ಆಡಿದ್ದೇನೆ:

“ಒಂದು ಬಿದಿರು ಬಿಡಲಿಕ್ಕೆ ಆಗಲಿಲ್ಲ ನಿಮಗ. ಇನ್ನ ಮ್ಯಾಲೆ ನನ್ನ ಮಗಳು ನಿಮ್ಮ ಕೂಡ ಹೊಳಿಗೆ ಬರಂಗಿಲ್ಲ.”

ಎಲ್ಲದಕ್ಕೂ ಉತ್ತರವಿದ್ದ ಮನುಷ್ಯ ಅಂದು ಬಾಯಿ ಬಿಡಲಿಲ್ಲ. ಅದನ್ನು ನಾನು ತಪ್ಪೊಪ್ಪಿಗೆ ಎಂದು ತಿಳಿದೆ.

ಮಗಳು ಮತ್ತೆ ಹೋಗಲಿಲ್ಲ. ಮೊದಲ ಕೆಲವು ರವಿವಾರ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಅಜ್ಜ ಅವಳ ತಲೆ ಸವರಿ ಒಬ್ಬರೇ ಹೋದರು. ಆಮೇಲೆ ಅವಳು ನಿಲ್ಲುವುದನ್ನು ಬಿಟ್ಟಳು. ನಾನು ಗೆದ್ದಿದ್ದೆ. ಮಾವನವರು ನನ್ನೊಡನೆ ನೇರವಾಗಿ ಮಾತಾಡುವುದನ್ನೂ ನಿಲ್ಲಿಸಿದರು. ನಿಮ್ಮಪ್ಪಗ ಹೇಳು, ನಲ್ಲಿಗೆ ನೀರು ಬಂದಾವು ಅಂತ. ನಿಮ್ಮಪ್ಪಗ ಹೇಳು, ಸ್ಕೂಟರಿನ ಗಾಳಿ ಇಳದೈತಿ ಅಂತ. ನಾನು ಎದುರಿಗೇ ಕೂತಿರುತ್ತಿದ್ದೆ. ಹುಳುವಿನ ಡಬ್ಬಿ ಮಾತ್ರ ಫ್ರಿಜ್ಜಿನಲ್ಲೇ ಉಳಿಯಿತು. ಅದೊಂದು ಗಡಿಯನ್ನು ಅವರು ಬಿಟ್ಟುಕೊಡಲಿಲ್ಲ. ನಾನೂ ಬಾಗಿಲು ಬೇಕೆಂದೇ ಬಹಳ ಹೊತ್ತು ತೆಗೆದಿಡುತ್ತಿದ್ದೆ.

ಹೀಗೇ ವರ್ಷಗಳು ಹೋದವು. ಮಗಳು ಪಿಯುಸಿಗೆ ಬಂದಳು. ಹೋದ ವರ್ಷ ಒಂದು ಬೆಳಿಗ್ಗೆ ಮಾವನವರು ಚಹಾ ಆರಿದರೂ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು.

ದಿನಕರ್ಮಕ್ಕೆ ನವಲಗುಂದದ ಕಡೆಯ ಅವರ ಊರಿನಿಂದ ಅವರ ಅಕ್ಕ ಬಂದಿದ್ದಳು. ಬೆನ್ನು ಬಾಗಿದೆ, ನಾಲಗೆ ಬಾಗಿಲ್ಲ. ಊಟವಾದ ಮೇಲೆ ಮಗಳು ಆ ಅಜ್ಜಿಗೆ ನದಿಯ ಕಥೆ ಹೇಳುತ್ತಿದ್ದಳು. ಅವಳಿಗೆ ಉಳಿದಿರುವ ನೆನಪು ನನ್ನದಕ್ಕಿಂತ ಬೇರೆ. ನೀರು ಎಲ್ಲಿಯವರೆಗೆ ಇತ್ತೆಂಬುದು ಅವಳಿಗೆ ತಿಳಿಯದು. ಅಜ್ಜ ನಡುಗುತ್ತಿದ್ದ, ಆ ನಡುಕ ತನ್ನ ಕಾಲಿಗೆ ಗೊತ್ತಾಗುತ್ತಿತ್ತು, ಅಷ್ಟೇ. ಅಣೆಕಟ್ಟಿನ ತಳದ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ, ನಡುಗಿದ್ದರಲ್ಲಿ ವಿಶೇಷವಿಲ್ಲ ಎಂದು ನಾನು ಪಕ್ಕದಿಂದ ಹೇಳಿದೆ. ಕೋಲು ಬಿಟ್ಟು ಈಜಿದ್ದರೆ ಆ ನಡುಕವೂ ಇರುತ್ತಿರಲಿಲ್ಲ ಎಂದೂ ಸೇರಿಸಿದೆ. ಸತ್ತವರ ಮನೆಯಲ್ಲಿ ಆಡುವ ಮಾತಲ್ಲ, ಆದರೂ ಆಡಿದೆ.

ಮುದುಕಿ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

“ಅಂವಾ ಎಲ್ಲಿಂದ ಈಸಬೇಕೋ ಯಪ್ಪಾ? ನಮ್ಮೂರಾಗ ಕುಡ್ಯಾಕ ನೀರಿಲ್ಲ. ಕೆರಿಗೆ ಕೊಡಾ ಅದ್ದಾಕೂ ಅಂವಾ ನನ್ನ ಸೆರಗು ಹಿಡಕೊಂಡು ನಿಲ್ತಿದ್ದ.”

ನಾನು ನಂಬಲಿಲ್ಲ. ಹಳ್ಳಿ ಬಿಟ್ಟು ಕಾರ್ಖಾನೆಗೆ ಬಂದ ಮೇಲೆ ಕಲಿತಿರಬಹುದಲ್ಲ. ಒಬ್ಬಳೇ ಸಾಕ್ಷಿ, ಅದೂ ಅಕ್ಕ. ಹೆಂಡತಿಯನ್ನು ಕೇಳಿದೆ. ಅಪ್ಪ ಈಜುವುದನ್ನು ನೋಡಿದ್ದೀಯಾ? ಅವಳು ಯೋಚಿಸಿ, ನೋಡಿಲ್ಲ, ಆದರೆ ಬರುತ್ತದಲ್ಲ ಎಂದಳು. ಯಾರು ಹೇಳಿದರು ಎಂದರೆ ಯಾರೂ ಇಲ್ಲ.

ಕೊನೆಗೆ ಗ್ಯಾರೇಜಿನ ಚಾಚಾ ಹತ್ತಿರ ಹೋದೆ. ನನ್ನ ಸ್ಕೂಟರ್ ರಿಪೇರಿ ಮಾಡುವವರು, ಮಾವನವರ ಗಾಳದ ಜೊತೆಗಾರರು. ನೀರು ಏರಿದ ದಿನ ಅವರು ಹಳಿಯಾಳಕ್ಕೆ ಮದುವೆಗೆ ಹೋಗಿದ್ದರು, ಹಾಗಾಗಿ ನಮ್ಮ ಮನೆಯ ಜಗಳಕ್ಕೆ ಅವರು ಯಾವ ಕಡೆಯೂ ಅಲ್ಲ. ಅಕ್ಕ ಹೇಳಿದ್ದನ್ನು ಮುಚ್ಚಿಟ್ಟು, ಮಾವನವರು ಚೆನ್ನಾಗಿ ಈಜುತ್ತಿದ್ದರಲ್ಲವೇ ಎಂದು ಉಲ್ಟಾ ಕೇಳಿದೆ. ಚಾಚಾ ಚಕ್ರ ಬಿಚ್ಚುತ್ತಿದ್ದ ಕೈ ನಿಲ್ಲಿಸಿ ನಕ್ಕರು.

“ಅವ್ರಾ? ತೌಬಾ. ಒಮ್ಮೆ ಮೊಣಕಾಲ ನೀರಾಗ ಜಾರಿದ್ದಕ್ಕ ನನ್ನ ಕುತ್ತಿಗಿ ಹಿಡಕೊಂಡು ಇಬ್ಬರನೂ ಮುಳಗಸ್ತಿದ್ರು, ಸರ. ನಾ ಕಲಸ್ತೇನಿ ಬರ್ರಿ ಅಂದ್ರ ನೀರು ಕುತ್ತಿಗಿಗೆ ಬಂತಂದ್ರ ಜೀವಾ ಹೋಗ್ತೈತಿ ಅಂತಿದ್ರು. ಮನ್ಯಾಗ ಹೇಳಬ್ಯಾಡೋ, ನಮ್ಮ ಅಳಿಯಂದ್ರಿಗೆ ಗೊತ್ತಾದ್ರ ಕೂಸಿನ್ನ ನನ್ನ ಕೂಡ ಕಳಸಂಗಿಲ್ಲ ಅಂತ ಆಣಿ ಹಾಕಿದ್ರು.”

ನಿಜ. ಕಳಿಸುತ್ತಿರಲಿಲ್ಲ. ಈಗಲೂ ಕಳಿಸುವುದಿಲ್ಲ. ರವಿವಾರ ರವಿವಾರ ನನ್ನ ಮಗಳನ್ನು ನಡುಬಂಡೆಗೆ ಕರೆದೊಯ್ಯುತ್ತಿದ್ದ ಮನುಷ್ಯನ ಮೇಲೆ ನನಗಿದ್ದ ಸಿಟ್ಟು ಆ ಗ್ಯಾರೇಜಿನಲ್ಲಿ ಇಳಿಯಲಿಲ್ಲ, ಏರಿತು. ಅವರು ಬದುಕಿದ್ದರೆ ಅಂದೇ ಹೋಗಿ ಜಗಳ ತೆಗೆಯುತ್ತಿದ್ದೆ. ದಡದಲ್ಲಿ ನಾನು ಕಿರುಚಿದ್ದಕ್ಕೆ ಒಂದು ಮಾತಿನಲ್ಲಿ ಉತ್ತರ ಹೇಳಬಹುದಿತ್ತು. ಹೇಳದೆ ಅಷ್ಟು ವರ್ಷ ನನ್ನ ಎದುರಿಗೆ ಉಣ್ಣುತ್ತ ಕೂತಿದ್ದಕ್ಕೂ ಜಗಳವಾಡುತ್ತಿದ್ದೆ. ಅವರೂ ಬಿಡುತ್ತಿರಲಿಲ್ಲ. ಆದರೆ ನನ್ನ ಮಗಳು ಇವತ್ತು ಪರೀಕ್ಷೆಗೆ ಓದುತ್ತ ಒಳಗಿನ ಕೋಣೆಯಲ್ಲಿದ್ದಾಳೆ, ಲೈಟು ಹಾಕಿಕೊಂಡು, ಗೊಣಗುತ್ತ. ಅದಕ್ಕೆ ನಾನು ಯಾರಿಗೆ ಋಣಿ ಎಂಬುದು ನನ್ನ ಸಿಟ್ಟನ್ನು ಕೇಳಿ ತೀರ್ಮಾನವಾಗುವುದಿಲ್ಲ.

ನೀರು ಎದೆಗಿತ್ತೋ ಗದ್ದಕ್ಕಿತ್ತೋ, ಅವರು ಎಷ್ಟು ಹೊತ್ತು ನಡುವೆ ನಿಂತಿದ್ದರೋ, ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವ ದಾರಿಯೂ ಇಲ್ಲ. ಒಬ್ಬರನ್ನೊಬ್ಬರು ಎಂದೂ ನೋಡದ ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ ಖಚಿತ ಮಾಡಿಕೊಂಡದ್ದು ಇಷ್ಟು: ನನ್ನ ಮಾವನವರಿಗೆ ಈಜು ಬರುತ್ತಿರಲಿಲ್ಲ.