ಮೇಲಿರಬೇಕಾದ ಕಂಬಿ

ಬಾಲ್ಕನಿಯ ಕಂಬಿ ಕಾಂಕ್ರೀಟಿನ ಮೇಲ್ಭಾಗದಲ್ಲಿರಬೇಕು. ಗೋಡೆಯಿಂದ ಹೊರಚಾಚಿದ ಚಪ್ಪಡಿ ಬಿರಿಯುವುದು ಮೇಲಿನಿಂದ. ಕಾಂಕ್ರೀಟಿನ ಬಾಣಲೆ ಹೊತ್ತು ಓಡಾಡುವ ಕೂಲಿಯವರ ಕಾಲ್ತುಳಿತಕ್ಕೆ ಕಂಬಿ ತಳ ಸೇರಿಬಿಡುತ್ತದೆ. ಎಂಜಿನಿಯರ್ ಎದುರಿಗೆ ನಿಂತು ನೋಡಿಕೊಳ್ಳಬೇಕು. ಎಂಬತ್ತರ ದಶಕದ ಆರಂಭದಲ್ಲಿ ಬನಶಂಕರಿಯ ಒಂದು ಮನೆಗೆ ಹಾಗೆ ನಿಲ್ಲಬೇಕಾದವನು ನಾನು. ನಕ್ಷೆಯ ಮೇಲೆ ನನ್ನ ಸಹಿಯಿತ್ತು.

ಎರಡೇ ವರ್ಷಕ್ಕೆ ಬಾಲ್ಕನಿ ಕಳಚಿ ಬಿತ್ತು. ಸಂಡಿಗೆ ಒಣಹಾಕುತ್ತಿದ್ದ ಮನೆಯೊಡತಿಯ ಸೊಂಟ ಮುರಿಯಿತು. ಹೋಗಿ ನೋಡಿದೆ. ಮುರಿದ ತುಂಡಿನಲ್ಲಿ ಕಂಬಿ ತಳದಲ್ಲಿತ್ತು.

ಆಕೆ ಮಲಗಿದ್ದಲ್ಲಿಂದಲೇ ಕೇಳಿದರು: "ಕಾಂಕ್ರೀಟ್ ಹಾಕೋ ದಿನ ನೀವು ನಿಂತು ನೋಡಿದ್ರಾ ಸಾರ್?"

"ನೋಡಿದ್ದೆ."

"ಹಾಗಾದ್ರೆ ನನ್ನ ಗ್ರಹಚಾರ ಬಿಡಿ. ಕಾಫಿ ತಗೊಳ್ಳಿ."

ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ಅನ್ನಿಸಲಿಲ್ಲ. ಹುಣಸೆ ಮರದ ನೆರಳಲ್ಲಿ ನಿಂತು "ಕಂಬಿ ಎತ್ರೋ" ಎಂದು ಕೂಗಿದ್ದು ಕಣ್ಣಿಗೆ ಕಟ್ಟಿದಂತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು, ಆ ಬೀದಿಯಲ್ಲಿ ಹುಣಸೆ ಮರವೇ ಇಲ್ಲ. ಮರವಿದ್ದದ್ದು ಜರಗನಹಳ್ಳಿಯಲ್ಲಿ, ನಾನು ಕಟ್ಟಿಸಿದ ಇನ್ನೊಂದು ಮನೆಯ ಎದುರು.

ಬನಶಂಕರಿಯ ಮನೆ ಕಟ್ಟಿದ ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗಿ ಕೇಳಿದೆ. "ಬಂದಿದ್ರಿ ಸಾರ್, ಬರ್ದೇ ಇರ್ತೀರಾ? ಯಾರು ಕೇಳಿದ್ರೂ ಹಂಗೇ ಹೇಳ್ತೀನಿ" ಎಂದ. ಅವನು ತಡವರಿಸಿದ್ದರೆ ನಂಬುತ್ತಿದ್ದೆನೇನೋ.

ವಿಷಯ ಹೇಳಿಕೊಂಡಾಗ ನನ್ನ ಪಕ್ಕದ ಮನೆಯ ಡಾಕ್ಟರು ನಕ್ಕರು. "ನಾನು ತಪ್ಪು ಮಾಡಿದ್ರೆ ಮೆಡಿಕಲ್ ಕೌನ್ಸಿಲ್ ಕರೆದು ಕೇಳುತ್ತೆ, ಪಟ್ಟಿಯಿಂದ ಹೆಸರು ಹೊಡೆದು ಹಾಕುತ್ತೆ. ನಿಮ್ಮನ್ನ ಯಾರ್ರೀ ಕೇಳೋರು?"

ಯಾರೂ ಇರಲಿಲ್ಲ. ವಕೀಲರಿಗೂ ವೈದ್ಯರಿಗೂ ಇದ್ದಂಥ ಕಾನೂನು ಇಡೀ ದೇಶದಲ್ಲಿ ಎಂಜಿನಿಯರರಿಗೆ ಇರಲಿಲ್ಲ. ನಾನು ಸದಸ್ಯನಾಗಿದ್ದ ಸಂಘಕ್ಕೆ ಎಲ್ಲವನ್ನೂ ಬರೆದು ಕಳಿಸಿದೆ. ಬಂದದ್ದು ವೃತ್ತಿಯ ಏಳಿಗೆ ಕುರಿತ ಉಪನ್ಯಾಸದ ಆಹ್ವಾನ. ಅದು ಎಲ್ಲರಿಗೂ ಹೋಗಿತ್ತೋ ಏನೋ. ನಕ್ಷೆಗಳಿಗೆ ಸಹಿ ಹಾಕಲು ಕಾರ್ಪೊರೇಷನ್ ಕೊಟ್ಟಿದ್ದ ಪರವಾನಗಿ ಹಿಂದಿರುಗಿಸಲು ಅವರ ಕಚೇರಿಗೆ ಹೋದೆ.

"ವಾಪಸ್ ಕೊಡೋಕೆ ಫಾರಂ ಇಲ್ಲ ಸಾರ್" ಎಂದ ಗುಮಾಸ್ತ. "ರಿನ್ಯೂ ಮಾಡ್ಬೇಡಿ, ತಾನೇ ಸಾಯುತ್ತೆ."

ಕೊನೆಗೆ ಆಕೆಗೇ ಹೇಳಿಬಿಡೋಣವೆಂದು ಹೋದೆ. ಕೋಲೂರಿಕೊಂಡು ಬಾಗಿಲಿಗೆ ಬಂದರು. ಆಕೆಯ ಗಂಡ ಹೊಸ ಬಾಲ್ಕನಿಯ ನಕ್ಷೆ ಬಿಚ್ಚಿ ಮುಂದಿಟ್ಟರು.

"ಬೇರೆ ಎಂಜಿನಿಯರ್ ನೋಡಿ ಅಂದ್ರು ಎಲ್ಲರೂ. ಇವಳೇ ಕೇಳಲಿಲ್ಲ."

"ಅವರು ನಿಂತು ನೋಡೋರು ರೀ" ಎಂದರು ಆಕೆ.

ನೋಡಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅದಾದರೂ ನನಗೆ ಖಚಿತವಾಗಿ ಗೊತ್ತಿತ್ತೇ? ನಕ್ಷೆಗೆ ಸಹಿ ಹಾಕಿದೆ.

ಕಾಂಕ್ರೀಟಿನ ದಿನ ಬೆಳಕು ಹರಿಯುವ ಮೊದಲೇ ಹೋಗಿ, ಕೊನೆಯ ಬಾಣಲೆ ಸುರಿಯುವವರೆಗೂ ಅಲ್ಲೇ ನಿಂತಿದ್ದೆ. ಕಂಬಿ ಮೇಲೇ ಇತ್ತು. ಹಾಗೆಂದು ಇಷ್ಟು ವರ್ಷ ನಂಬಿದ್ದೇನೆ. ಆದರೆ ಈಗೀಗ ಆ ದಿನವನ್ನು ನೆನೆದರೆ, ನಾನು ನಿಂತಿರುವುದು ಹುಣಸೆ ಮರದ ನೆರಳಲ್ಲಿ.